ಗಾದಿ ಅರಿವೆಯ ಜೋಲಿ

೧೯೬೩ರ ನವೆಂಬರ್ ತಿಂಗಳಲ್ಲಿ ನಾನು ಹಳಿಯಾಳದ ಸರಕಾರಿ ಹೊಲಿಗೆ ವರ್ಗದ ಶಿಕ್ಷಕಿಯಾಗಿದ್ದೆ. ವರ್ಗವೆಂದರೆ ಒಂದು ಬಾಡಿಗೆ ಹೆಂಚಿನ ಮನೆ, ನಾಲ್ಕು ಕಾಲುಮಶೀನು, ಗೋಡೆಗೆ ತೂಗುಹಾಕಿದ ಕಪ್ಪು ಹಲಗೆ ಮತ್ತು ಹದಿನಾಲ್ಕು ಹೆಣ್ಣುಮಕ್ಕಳು. ಆರು ತಿಂಗಳ ಕೋರ್ಸು. ಪೋಲಕ, ಲಂಗ, ಮಕ್ಕಳ ಅಂಗಿ, ಗಂಡಸರ ಪಾಯಿಜಾಮ, ಇಷ್ಟು ಕಲಿತರೆ ಪರೀಕ್ಷೆ. ಪಾಸಾದವರಿಗೆ ಸರ್ಟಿಫಿಕೇಟು. ನನಗಾಗ ಇಪ್ಪತ್ತೊಂಬತ್ತು ವಯಸ್ಸು. ಹುಟ್ಟೂರು ಪಕ್ಕದ ಸಾಂಬ್ರಾಣಿ. ಹೊಲಿಗೆಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಂಬಿದ್ದ ಕಾಲ ಅದು.

ದೀಪಾವಳಿ ಮುಗಿದ ಮೇಲಿನ ಒಂದು ಮುಂಜಾನೆ ನಮ್ಮ ಬಾಗಿಲ ಮುಂದೆ ಒಂದು ಜೀಪು ಬಂದು ನಿಂತಿತು. ಇಳಿದವರು ಸೀತಾರಾಮಯ್ಯನವರೆಂಬ ಎಂಜಿನಿಯರು. ಮೈಸೂರು ಕಡೆಯವರು, ಹಳಿಯಾಳಕ್ಕೆ ವರ್ಗವಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಜೋಯಿಡಾದಿಂದ ಉಳವಿಯ ಕಡೆಗೆ ಹಬ್ಬಿದ ಕಾಡಿನಲ್ಲಿ ಹಳ್ಳ ಹೊಳೆಗಳ ಮಟ್ಟ ಅಳೆಯುವ ಸರ್ವೆ ಪಾರ್ಟಿ ಅವರ ಕೈಕೆಳಗಿತ್ತು. ಸರಪಳಿ ಎಳೆಯುವ, ಅಳತೆಯ ಕೋಲು ಹಿಡಿಯುವ ಕೆಲಸಗಾರರಿಗೆ ಖಲಾಸಿ ಎನ್ನುತ್ತಿದ್ದರು. ಅಂಥ ಹನ್ನೆರಡು ಜನ ಖಲಾಸಿಗಳು. ಮೂರು ದಿನಕ್ಕೊಮ್ಮೆ ಕ್ಯಾಂಪು ಎತ್ತಿ ಮುಂದೆ ಹೋಗಬೇಕು. ನೆಲದ ಮೇಲೆ ಮಲಗಿದರೆ ಉಣ್ಣೆಹುಳ, ಚೇಳು, ಕೆಂಜಿಗ. ಬಿದಿರಿನ ಮಂಚ ಕಟ್ಟಿಕೊಂಡರೆ ಅದಕ್ಕೇ ಅರ್ಧ ದಿನ ಹೋಗುತ್ತಿತ್ತು. ಆ ತಿಂಗಳಲ್ಲೇ ಇಬ್ಬರಿಗೆ ಚೇಳು ಕಡಿದಿತ್ತು.

ಸೀತಾರಾಮಯ್ಯನವರು ಯಾವುದೋ ವಿದೇಶಿ ಮಾಸಿಕದಿಂದ ಕತ್ತರಿಸಿದ ಒಂದು ಚಿತ್ರವನ್ನು ನನ್ನ ಮೇಜಿನ ಮೇಲಿಟ್ಟರು.

"ಮೇಡಂ, ಇದಕ್ಕೆ ಹ್ಯಾಮಕ್ ಅಂತಾರೆ. ಎರಡು ಮರದ ಮಧ್ಯೆ ಕಟ್ಟಿಕೊಂಡು ಮಲಗೋದು. ಬಜಾರಿನ ಟೈಲರುಗಳು ನಾವು ಡೇರೆ ಹೊಲಿಯೋದಿಲ್ಲ ಅಂತಾರೆ. ನೀವು ಹನ್ನೆರಡು ಹೊಲಿದುಕೊಡಬೇಕು."

ನಾನು ಚಿತ್ರ ನೋಡಿದೆ. "ಇದು ಕೂಸಿನ ಜೋಲಿ ಅಲ್ಲೇನ್ರಿ?"

"ಅದು ಬೇರೆ, ಇದು ಬೇರೆ" ಎಂದರು, ಮುಖ ಬಿಗಿದುಕೊಂಡು. ಹಿಂದೆ ಕುಳಿತಿದ್ದ ಹುಡುಗಿಯರು ಸೆರಗು ಬಾಯಿಗೆ ಒತ್ತಿಕೊಂಡರು.

ನನ್ನ ಕಣ್ಣಿಗೆ ಅದು ಜೋಲಿಯೇ. ಒಂಬತ್ತು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಅರಿವೆ, ಎರಡೂ ತುದಿಯಲ್ಲಿ ನಿರಿಗೆಯಾಗಿ ಕೂಡಿಸಿ ಹಗ್ಗ ಬಿಗಿಯುವುದು, ಅಷ್ಟೇ. ಹೊಲಿಗೆ ಕಷ್ಟದ್ದಲ್ಲ. ಯಾವ ಅರಿವೆ ಎಂಬುದೇ ಇಡೀ ಪ್ರಶ್ನೆ. ಆದರೆ ಆ ಪ್ರಶ್ನೆಯನ್ನು ನನ್ನನ್ನು ಕೇಳುವ ವಿಚಾರವೇ ಸಾಹೇಬರಿಗೆ ಇರಲಿಲ್ಲ. ಅರಿವೆ ಆಗಲೇ ಜೀಪಿನಲ್ಲಿತ್ತು. ಟ್ರಕ್ಕಿಗೆ ಹೊದಿಸುವ ಹಸಿರು ಕ್ಯಾನ್ವಾಸಿನ ಒಂದು ದೊಡ್ಡ ಸುರುಳಿ. ಇಬ್ಬರು ಹೊತ್ತು ತಂದು ಒಳಗೆ ಕೆಡವಿದರು.

"ಇದು ಬ್ಯಾಡ್ರಿ ಸಾಹೇಬ್ರ. ಒದ್ದಿ ಆದ್ರ ಎತ್ತಾಕ ಎರಡು ಆಳ ಬೇಕು. ಗಾಳಿನೂ ಆಡಂಗಿಲ್ಲ."

"ಮೇಡಂ, ಸ್ಟ್ರೆಂತ್ ಮುಖ್ಯ. ಟ್ರಕ್ಕಿನ ಮೇಲೆ ಹತ್ತು ವರ್ಷ ಬಾಳುತ್ತೆ ಈ ಬಟ್ಟೆ."

"ಟ್ರಕ್ಕ ಅದರಾಗ ಮಲಗತೈತೇನ್ರಿ?"

ಅವರು ಜೀಪಿನ ಕಡೆ ತಿರುಗಿದರು. ಮೊದಲು ಎರಡು ಹೊಲಿದು ಕೊಡಿ, ಬಳಸಿ ನೋಡೋಣ ಎಂದು ಹೇಳಿ ಹೊರಟುಹೋದರು.

ಆ ಎರಡು ಜೋಲಿಗೆ ನಮಗೆ ಎಂಟು ದಿನ ಹಿಡಿಯಿತು. ಮೊದಲ ದಿನವೇ ಏಳು ಸೂಜಿ ಮುರಿದವು. ಹುಬ್ಬಳ್ಳಿಗೆ ಹೇಳಿಕಳಿಸಿ ಹದಿನೆಂಟನೇ ನಂಬರಿನ ದಪ್ಪ ಸೂಜಿ ತರಿಸಿದೆ. ಒಬ್ಬಳು ಮಶೀನು ತುಳಿದರೆ ಇನ್ನಿಬ್ಬರು ಅರಿವೆಯ ಭಾರ ಹಿಡಿದು ನಿಲ್ಲಬೇಕು. ಪೋಲಕದ ಕತ್ತರಿ ಪಾಠ ಅಲ್ಲಿಗೇ ನಿಂತಿತು. ಹುಡುಗಿಯರ ಬೆರಳು ಕೆಂಪಾದವು. ಫೆಬ್ರುವರಿಯಲ್ಲಿ ಪರೀಕ್ಷೆ ಇತ್ತು. ನಾನು ಸಾಹೇಬರನ್ನು ಮನಸ್ಸಿನಲ್ಲಿ ಬಯ್ಯದ ದಿನವಿಲ್ಲ.

ಹತ್ತು ದಿನಕ್ಕೆ ಎರಡೂ ಜೋಲಿ ಮರಳಿ ಬಂದವು. ತಂದವನು ಖಲಾಸಿಗಳ ಮುಖ್ಯಸ್ಥ ಹಸನ್‌ಸಾಬ. ನಲವತ್ತರ ಸುಮಾರಿನ ತೆಳ್ಳಗಿನ ಮನುಷ್ಯ, ಊರು ಹಳಿಯಾಳವೇ. ಅವನ ಹೆಂಡತಿ ಮೆಹಬೂಬಿ ನನ್ನ ವರ್ಗದಲ್ಲೇ ಕಲಿಯುತ್ತಿದ್ದಳು. ಮಾತು ಕಡಿಮೆ, ಕೈ ಬಹಳ ಚೊಕ್ಕ. ಮಕ್ಕಳು ಶಾಲೆಗೆ ಹೋದ ಮೇಲೆ ಬಂದು ಮೂಲೆಯ ಮಶೀನಿನಲ್ಲಿ ಕೂರುತ್ತಿದ್ದಳು. ಸರ್ಟಿಫಿಕೇಟು ಸಿಕ್ಕರೆ ಮನೆಯಲ್ಲೇ ಒಂದು ಮಶೀನು ಇಟ್ಟುಕೊಂಡು ಹೊಲಿಯಬೇಕೆಂಬುದು ಅವಳ ಆಸೆ.

ಹಸನ್‌ಸಾಬ ಜೋಲಿಗಳನ್ನು ಕಟ್ಟೆಯ ಮೇಲೆ ದೊಪ್ಪನೆ ಹಾಕಿದ. "ಅಕ್ಕೋರ, ಇದನ್ನ ಹೊತ್ಕೊಂಡು ಗುಡ್ಡಾ ಏರೂದ್ರಾಗ ಜೀವಾ ಹೋತ್ರಿ. ಇಬ್ಬನಿ ಕುಡದು ಬೆಳಿಗ್ಗಿಗೆ ಎಮ್ಮಿ ತೂಕ ಆಗತೈತಿ. ಬಿಸಲಾಗ ಒಣಗಸ್ಬೇಕಂದ್ರ ಬಿಸಲ ಬರೂದ್ರಾಗ ನಾವು ಕೆಲಸಕ್ಕ ಹೋಗಿರ್ತೇವಿ."

ಅರಿವೆಗೆ ಆಗಲೇ ಬೂಸಲು ಹಿಡಿದು ವಾಸನೆ ಬರುತ್ತಿತ್ತು. ನಿರಿಗೆ ದಪ್ಪವಾಗಿದ್ದರಿಂದ ಹಗ್ಗ ಬಿಗಿಯಾಗಿ ಕೂರದೆ ಜಾರುತ್ತಿತ್ತಂತೆ. ನಾನು ಹೇಳಿದ್ದೇ ಆಯಿತಲ್ಲ ಎಂಬ ಸಮಾಧಾನಕ್ಕಿಂತ ಎಂಟು ದಿನ ಹಾಳಾಯಿತಲ್ಲ ಎಂಬ ಸಿಟ್ಟೇ ಹೆಚ್ಚಾಗಿತ್ತು.

ಮರುವಾರ ಸಾಹೇಬರು ಮತ್ತೆ ಬಂದರು. ಈ ಸಲ ಅವರ ಕೈಯಲ್ಲಿ ಒಂದೇ ಒಂದು ಪೊಟ್ಟಣ. ಬೆಳಗಾವಿಯ ಹಳೆ ಸಾಮಾನಿನ ಬಜಾರಿನಿಂದ ತಂದ ಪ್ಯಾರಾಚೂಟಿನ ನೈಲಾನು. ಹಾಲಿನಂತೆ ಬಿಳಿ, ಮುಷ್ಟಿಯಲ್ಲಿ ಹಿಡಿಸುವಷ್ಟು ತೆಳು. ಅವರ ಮುಖದಲ್ಲಿ ಗೆದ್ದ ಕಳೆ ಇತ್ತು.

ನಾನು ಅದರ ಒಂದು ಮೂಲೆ ಹಿಡಿದು ಓರೆಯಾಗಿ ಎಳೆದು ತೋರಿಸಿದೆ. ಅರಿವೆಯಲ್ಲಿ ಉದ್ದಕ್ಕೆ ಹೋಗುವುದು ಹಾಸಿನ ನೂಲು, ಅಡ್ಡಕ್ಕೆ ಹೋಗುವುದು ಹೊಕ್ಕಿನ ನೂಲು. ಎರಡಕ್ಕೂ ಓರೆಯಾಗಿ ಎಳೆದಾಗ ಎಷ್ಟು ಜಗ್ಗುತ್ತದೆ ಎಂಬುದರಿಂದ ಆ ಅರಿವೆಯ ಗುಣ ಗೊತ್ತಾಗುತ್ತದೆ. ನೈಲಾನು ರಬ್ಬರಿನಂತೆ ಜಗ್ಗಿತು.

"ಸಾಹೇಬ್ರ, ಇದರಾಗ ಮಲಗಿದಾಂವ ನೆಲಾ ಮುಟ್ಟತಾನ."

"ಇದನ್ನು ನಂಬಿಕೊಂಡು ಆಕಾಶದಿಂದ ಹಾರುತ್ತಾರೆ ಮೇಡಂ. ನೀವು ಎರಡು ಮರದ ಮಧ್ಯೆ ಕಟ್ಟೋಕೆ ಹೆದರ್ತೀರಲ್ಲ!"

ಮತ್ತೆರಡು ಹೊಲಿದೆವು. ಮಶೀನಿನ ಹಲ್ಲಿನ ಮೇಲೆ ಅರಿವೆ ಹಾವಿನಂತೆ ಜಾರುತ್ತಿತ್ತು. ಹೊಲಿಗೆಯ ಸಾಲು ನೆಟ್ಟಗೆ ಬರಲು ಒಂದಂಚಿಗೆ ಕಾಗದ ಇಟ್ಟು ಹೊಲಿದು ಆಮೇಲೆ ಕಾಗದ ಹರಿದು ತೆಗೆಯಬೇಕಾಯಿತು. ಒಂದು ವಾರದಲ್ಲಿ ಹಸನ್‌ಸಾಬ ಅವನ್ನೂ ಮರಳಿ ತಂದ. ಬೆಳಗಾಗುವಷ್ಟರಲ್ಲಿ ಸೊಂಟ ನೆಲಕ್ಕೆ ತಾಗುತ್ತಿತ್ತು. ಕೆಳಗಿನಿಂದ ಚಳಿ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಸವೆದು ಹೊರಬಿದ್ದ ಫೆಲ್ಟ್ ಎಂಬ ದಪ್ಪ ಕಂಬಳಿಯಂಥ ಬಟ್ಟೆಯ ತುಂಡನ್ನು ಹಾಸಿಕೊಂಡರೆ ನೈಲಾನಿನ ಮೇಲೆ ಅದು ಜಾರಿ ಬೀಳುತ್ತಿತ್ತು. ಯಾರದೋ ಬೀಡಿಯ ಕಿಡಿ ತಾಗಿ ಒಂದರಲ್ಲಿ ರೂಪಾಯಿಯಗಲದ ತೂತು ಬಿದ್ದಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಸೊಳ್ಳೆ.

"ಸೊಳ್ಳಿ ತೆಳಗಿಂದ ಕಡೀತಾವ್ರಿ ಅಕ್ಕೋರ. ಮ್ಯಾಲೆ ಹೊತಗೊಂಡ್ರ ಏನ್ ಉಪಯೋಗ? ಬೆನ್ನಾಗ ಎಣಿಸಿ ನೋಡ್ರಿ" ಎಂದು ಅಂಗಿ ಎತ್ತಲು ಹೋದ. ಮೂಲೆಯಿಂದ ಮೆಹಬೂಬಿ, "ಏನ್ರಿ ಇದು, ಹೆಣ್ಮಕ್ಕಳ ಮುಂದ!" ಎಂದು ಕೂಗಿದ್ದರಿಂದ ನಿಲ್ಲಿಸಿದ.

ಅವತ್ತು ಜೀಪು ಬಂದಾಗ ನಾನು ಬಾಗಿಲಿಗೇ ಹೋಗಿ ನಿಂತೆ. ನಾಲ್ಕು ಜೋಲಿಗಳನ್ನೂ ಜೀಪಿನ ಮೂತಿಯ ಮೇಲೆ ಇಟ್ಟು, ಇನ್ನು ಮುಂದೆ ಈ ವರ್ಗದಲ್ಲಿ ಪೋಲಕ ಬಿಟ್ಟು ಬೇರೇನೂ ಹೊಲಿಯುವುದಿಲ್ಲ ಎಂದೆ. ಸೀತಾರಾಮಯ್ಯನವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ಆ ವಾರ ಅವರ ಮೂರನೆಯ ಖಲಾಸಿಗೆ ಚೇಳು ಕಡಿದಿತ್ತು.

"ಹಾಗಾದ್ರೆ ನೀವೇ ಆರಿಸಿ ಮೇಡಂ" ಎಂದರು. ನನ್ನ ಮೇಲೆ ನಂಬಿಕೆ ಬಂದು ಆಡಿದ ಮಾತಲ್ಲ ಅದು. ಬೇರೆ ದಾರಿ ಕಾಣದ ಮನುಷ್ಯನ ಮಾತು. ಆದರೂ ನಾನು ಒಪ್ಪಿಕೊಂಡೆ.

ಬಜಾರಿನಲ್ಲಿ ಬಸಪ್ಪಣ್ಣನವರ ಅರಿವೆ ಅಂಗಡಿ ಇತ್ತು. ನಾಲ್ಕು ಹುಡುಗಿಯರನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಒಂದಿಡೀ ಮಧ್ಯಾಹ್ನ ಕುಳಿತೆ. ಉದ್ದಕ್ಕೆ ಎಳೆದರೆ ಜಗ್ಗಬಾರದು. ಗಾಳಿ ಆಡಬೇಕು. ಒಬ್ಬನ ಹೆಗಲಿಗೆ ಹಗುರವಾಗಬೇಕು. ಸೊಳ್ಳೆಯ ಸೊಂಡಿಲು ದಾಟಬಾರದು. ಮಾದರಪಾಟ ಎಂಬ ಕೋರಾ ಹತ್ತಿಬಟ್ಟೆಯನ್ನು ಬೆಳಕಿಗೆ ಹಿಡಿದರೆ ಜರಡಿಯಂತೆ ಕಾಣಿಸಿತು. ಖಾದಿ ಜಗ್ಗಿತು. ಪೊಲೀಸರ ಚಡ್ಡಿಗೆ ಬಳಸುವ ಖಾಕಿ ಬಟ್ಟೆ ಗಟ್ಟಿಯಿತ್ತು, ಆದರೆ ನೀರು ಹಾಕಿ ಒಣಗಿಸಿದರೆ ಸಂಜೆಯವರೆಗೂ ತೇವ ಆರಲಿಲ್ಲ. ಬಸಪ್ಪಣ್ಣನವರು ಅರಿವೆಯ ಸುರುಳಿಗಳನ್ನು ಬಿಚ್ಚಿ ಬಿಚ್ಚಿ ಸುಸ್ತಾದರು. ಕೊನೆಗೆ ನನ್ನ ಕಣ್ಣು ಕೆಳಗಿನ ಕಪಾಟಿನಲ್ಲಿದ್ದ ನೀಲಿ ಬಿಳಿ ಪಟ್ಟೆಯ ಗಾದಿ ಅರಿವೆಯ ಮೇಲೆ ಬಿತ್ತು.

ಹತ್ತಿಯ ಎಳೆ ಹೊರಗೆ ಬರಬಾರದೆಂದು ಗಾದಿಯ ಅರಿವೆಯನ್ನು ಒತ್ತಾಗಿ ನೇಯ್ದಿರುತ್ತಾರೆ. ಉದ್ದಕ್ಕೆ ಎಳೆದೆ, ಜಗ್ಗಲಿಲ್ಲ. ಬಾಯಿಗೆ ಹಿಡಿದು ಊದಿದೆ, ಉಸಿರು ಸಣ್ಣಗೆ ದಾಟಿತು. ಗುಂಡುಸೂಜಿ ಚುಚ್ಚಿದರೆ ಒತ್ತಿ ನೂಕಬೇಕಾಯಿತು. ಮರುದಿನ ಮುಂಜಾನೆ ತುಂಡೊಂದನ್ನು ನೆನೆಸಿ ಹರವಿದೆ. ಊಟದ ಹೊತ್ತಿಗೆ ಒಣಗಿತ್ತು.

"ಗಾದಿ ಹಾಕಸ್ತೀರೇನ್ರಿ ಅಕ್ಕೋರ? ಮನ್ಯಾಗ ಮದಿವಿ ಐತೇನು?" ಎಂದು ಬಸಪ್ಪಣ್ಣನವರು ಕೇಳಿದರು.

"ಮದಿವಿ ಇಲ್ರಿ. ಜೋಲಿ ಹೊಲಿಯೂದೈತಿ."

"ಯಾರ ಕೂಸಿಗೆ?"

"ಸರ್ವೆ ಸಾಹೇಬ್ರ ಕೂಸುಗಳಿಗೆ. ಹನ್ನೆರಡು ಅದಾವ."

ಸೀತಾರಾಮಯ್ಯನವರು ಪಟ್ಟೆ ನೋಡಿ ನೊಂದುಕೊಂಡರು. "ಸರ್ಕಾರಿ ಕ್ಯಾಂಪು ಮೇಡಂ. ಚೀಫ್ ಎಂಜಿನಿಯರು ಬಂದರೆ ಏನಂತಾರೆ? ಬೇರೆ ಬಣ್ಣ ಸಿಗಲ್ವಾ?"

"ಕೆಂಪ ಪಟ್ಟಿ ಐತ್ರಿ."

"ಬೇಡ. ನೀಲಿನೇ ಇರಲಿ."

ಗಾದಿ ಅರಿವೆಯ ಪನ್ನ, ಅಂದರೆ ಅಗಲ, ಮೂವತ್ತೆರಡೇ ಇಂಚು. ದೊಡ್ಡ ಮನುಷ್ಯ ಮಲಗಲು ಸಾಲದು. ಹಾಗಾಗಿ ಎರಡು ಪನ್ನಗಳನ್ನು ಉದ್ದುದ್ದಕ್ಕೆ ಜೋಡಿಸಿದೆವು. ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ. ಹೊಲಿಗೆ ಆದಷ್ಟು ಸಣ್ಣದಿರಲಿ, ಸಣ್ಣದಿದ್ದಷ್ಟೂ ಗಟ್ಟಿ ಎಂದು ನಾನು ಹೇಳಿದೆ. ನಾಲ್ಕೂ ಮಶೀನುಗಳ ಕಡ್ಡಿಯನ್ನು ನಾನೇ ಸರಿಸಿ ಹೊಲಿಗೆಯ ಅಳತೆ ಕೂರಿಸಿದೆ. ಯಾರು ಹೊಲಿದದ್ದು ಯಾವುದು ಎಂದು ತಿಳಿಯಲು ಒಬ್ಬೊಬ್ಬರೂ ತಮ್ಮ ಜೋಲಿಯ ಮೂಲೆಗೆ ಒಂದೊಂದು ಬಣ್ಣದ ದಾರದ ಗುರುತು ಹಾಕಿದರು. ಮೆಹಬೂಬಿಯದು ಹಸಿರು.

ಜನವರಿ ನಡುವಿನಲ್ಲಿ ಹನ್ನೆರಡೂ ಜೋಲಿ ಕಾಡಿಗೆ ಹೋದವು. ಮೂರು ವಾರ ಯಾವ ದೂರೂ ಬರಲಿಲ್ಲ. ಬಜಾರಿನಲ್ಲಿ ಯಾರಾದರೂ ಕೇಳಿದರೆ ನಾನೇ ಆರಿಸಿದ ಅರಿವೆ ಎಂದು ಹೇಳಿಕೊಂಡು ತಿರುಗಿದೆ.

ಫೆಬ್ರುವರಿ ಮೊದಲ ವಾರದಲ್ಲಿ ಹಸನ್‌ಸಾಬ ಬಿದ್ದ. ಮಧ್ಯಾಹ್ನ ಊಟ ಮಾಡಿ, ಬೂಟು ಬಿಚ್ಚಲೆಂದು ಜೋಲಿಯ ನಡುವೆ ಕುಳಿತನಂತೆ. ನಡುವಿನ ಹೊಲಿಗೆ ಬಾಯಿ ಬಿಟ್ಟಂತೆ ಸೀಳಿತು. ಕೆಳಗೆ ಕಡಿದ ಬಿದಿರಿನ ಮೋಟು. ಅದು ಸೊಂಟದಿಂದ ಒಂದಂಗುಲ ಪಕ್ಕಕ್ಕೆ ಇದ್ದದ್ದರಿಂದ ಜೀವ ಉಳಿಯಿತು. ಊರಿದ ಬಲಗೈಯ ಮಣಿಕಟ್ಟು ಮುರಿಯಿತು. ದಾಂಡೇಲಿಗೆ ಕರೆತಂದು ಪ್ಲಾಸ್ಟರು ಹಾಕಿಸಿ ಮನೆಗೆ ಬಿಟ್ಟರು.

ಹದಿನೈದು ದಿನದಲ್ಲಿ ಕಾರವಾರದಲ್ಲಿದ್ದ ನನ್ನ ಮೇಲಧಿಕಾರಿಗಳಿಂದ ಪತ್ರ ಬಂತು. ಎಂಜಿನಿಯರರ ವರದಿಯಂತೆ ಹೊಲಿಗೆ ದೋಷಪೂರ್ಣವಾಗಿದ್ದು ಅಪಘಾತವಾಗಿದೆ, ಅದನ್ನು ಹೊಲಿದ ವಿದ್ಯಾರ್ಥಿನಿಯನ್ನು ವರ್ಗದಿಂದ ತೆಗೆದುಹಾಕಿ ಎಂಟು ದಿನದೊಳಗೆ ವಿವರಣೆ ಕಳಿಸಿ ಎಂದಿತ್ತು. ಹರಿದ ಜೋಲಿಯ ಮೂಲೆಯ ಗುರುತು ಹಸಿರು.

ಮೆಹಬೂಬಿಗೆ ಆ ಪತ್ರದ ಸುದ್ದಿ ನಾನು ಹೇಳುವ ಮೊದಲೇ ಮುಟ್ಟಿತ್ತು. ಬಂದವಳು ಒಳಗೆ ಬರದೆ ಕಟ್ಟೆಯ ಮೇಲೇ ನಿಂತಳು.

"ನನ್ನ ಹೆಸರು ತಗದ ಬಿಡ್ರಿ ಅಕ್ಕೋರ. ಮನ್ಯಾಗೆಲ್ಲಾ ಗಂಡನ್ನ ನಾನ ಕೆಡವಿದೆ ಅಂತಾರ. ಅತ್ತಿಯವರು ನನ್ನ ಕೈಯಾಗಿನ ಸೂಜಿ ಕಸಗೊಂಡು ಒಲಿಗೆ ಒಗದ್ರು."

"ನೀ ಸುಮ್ಮನ ಒಳಗ ಬಾ" ಎಂದೆ. ಬರಲಿಲ್ಲ. ತನ್ನ ಕತ್ತರಿಯನ್ನು ಬಾಗಿಲಲ್ಲಿ ಇಟ್ಟು ಹೋದಳು.

ನನಗೆ ಮೈ ಉರಿಯಿತು. ಎರಡು ಸಲ ತಪ್ಪು ಅರಿವೆ ತಂದವರು ಅವರು. ಹೇಳಿದ ಮಾತು ಕೇಳದವರು ಅವರು. ಈಗ ವರದಿ ಬರೆದವರೂ ಅವರೇ. ಮರುದಿನ ವರ್ಗಕ್ಕೆ ರಜೆ ಕೊಟ್ಟು ದಾಂಡೇಲಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಜೋಯಿಡಾಕ್ಕೆ ಹೋದೆ. ಊರಿನಾಚೆ ಒಂದು ಡೇರೆಯಲ್ಲಿ ಸೀತಾರಾಮಯ್ಯನವರ ಕಚೇರಿ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಕೂರುವ ಮೊದಲೇ ಆಡಿದೆ. ಅವರೂ ಬಿಡಲಿಲ್ಲ.

"ನನ್ನ ಮನುಷ್ಯನ ಕೈ ಮುರಿದಿದೆ ಮೇಡಂ. ಹೊಲಿಗೆ ಬಿಟ್ಟದ್ದು ನಾನು ಕಣ್ಣಾರೆ ನೋಡಿದ್ದೇನೆ. ಇನ್ನೇನು ಬರೀಬೇಕಿತ್ತು?"

"ಹರದ ಜೋಲಿ ತೋರಸ್ರಿ."

ತರಿಸಿದರು. ಡೇರೆಯ ಬಾಗಿಲ ಬೆಳಕಿಗೆ ಹಿಡಿದೆ. ಹೊಲಿಗೆ ಬಿಟ್ಟಿದ್ದರೆ ದಾರ ತುಂಡಾಗಿರಬೇಕು. ಆದರೆ ದಾರ ಒಂದಂಚಿಗೆ ಹಾಗೇ ಸಾಲಾಗಿ ಅಂಟಿಕೊಂಡಿತ್ತು. ಒಂದು ಕುಣಿಕೆಯೂ ಕಡಿದಿರಲಿಲ್ಲ. ಮಟ್ಟ ಅಳೆಯುವ ಯಂತ್ರದ ಸಣ್ಣ ಗೆರೆಗಳನ್ನು ಓದಲು ಸಾಹೇಬರು ಇಟ್ಟುಕೊಂಡಿದ್ದ ಭೂತಗನ್ನಡಿ ಕೇಳಿ ಪಡೆದು ಅರಿವೆಯ ಅಂಚನ್ನು ನೋಡಿದೆ. ಪೋಸ್ಟಿನ ಸ್ಟಾಂಪನ್ನು ಹಾಳೆಯಿಂದ ಹರಿದಾಗ ಅಂಚು ಹೇಗೆ ಕಾಣುತ್ತದೋ ಹಾಗಿತ್ತು. ತೂತು, ತೂತಿನ ಪಕ್ಕ ತೂತು. ಒಂದು ಇಂಚಿಗೆ ಇಪ್ಪತ್ತೆರಡು ಎಣಿಸಿದೆ. ಒಂದೊಂದು ತೂತೂ ಆ ದಾರಕ್ಕೆ ಬೇಕಾದದ್ದಕ್ಕಿಂತ ದೊಡ್ಡದು.

ಅಷ್ಟು ಒತ್ತಾದ ನೇಯ್ಗೆಯ ಅರಿವೆಯಲ್ಲಿ ದಪ್ಪ ಸೂಜಿ ಇಳಿದರೆ ನೂಲನ್ನು ಪಕ್ಕಕ್ಕೆ ಸರಿಸುವುದಿಲ್ಲ, ಕಡಿಯುತ್ತದೆ. ಮಶೀನುಗಳಲ್ಲಿ ಇದ್ದದ್ದು ಕ್ಯಾನ್ವಾಸಿಗೆಂದು ತರಿಸಿದ ಹದಿನೆಂಟನೇ ನಂಬರು. ನಾನು ಅದನ್ನು ಬದಲಿಸಿರಲಿಲ್ಲ. ಹೊಲಿಗೆ ಸಣ್ಣದಿರಲಿ ಎಂದು ಕಡ್ಡಿ ಸರಿಸಿದವಳೂ ನಾನೇ. ಮೆಹಬೂಬಿ ಉಳಿದವರಿಗಿಂತ ಚೊಕ್ಕವಾಗಿ ನನ್ನ ಮಾತನ್ನು ಪಾಲಿಸಿದ್ದಳು, ಆದ್ದರಿಂದ ಅವಳದೇ ಮೊದಲು ಹರಿದಿತ್ತು.

ನಾನು ಭೂತಗನ್ನಡಿ ಕೆಳಗಿಟ್ಟದ್ದನ್ನು ಸಾಹೇಬರು ಬೇರೆ ರೀತಿ ತಿಳಿದುಕೊಂಡರು. ಅವರ ದನಿ ಮೆತ್ತಗಾಯಿತು. "ದಾರ ಹರಿದಿಲ್ಲ ಅಂದ್ರೆ ಬಟ್ಟೆಯೇ ಕಳಪೆ ಅಂತ ಆಯ್ತು. ಅಂಗಡಿಯವನು ಹಳೇ ಮಾಲು ಕೊಟ್ಟಿದ್ದಾನೆ ಅಂತ ಬರೆದುಬಿಡೋಣ. ನಿಮಗೂ ತೊಂದರೆ ಇಲ್ಲ, ಆ ಹೆಂಗಸಿಗೂ ಇಲ್ಲ, ನನಗೂ ಇಲ್ಲ."

ಒಂದು ಕ್ಷಣ ನನಗೆ ಅದು ಒಳ್ಳೆಯ ಉಪಾಯವಾಗಿಯೇ ಕಂಡಿತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಬಸಪ್ಪಣ್ಣನವರು ಎದುರಿಗಿರಲಿಲ್ಲ. ಕಾರವಾರದವರು ಅರಿವೆ ಕಂಡವರಲ್ಲ. ಎರಡು ಸಾಲು ಬರೆದರೆ ಮುಗಿಯುತ್ತಿತ್ತು. ಆದರೆ ಹೊರಗೆ ಡೇರೆಯ ಹಗ್ಗಕ್ಕೆ ಒಣಗಹಾಕಿದ್ದ ಇನ್ನೊಂದು ನೀಲಿ ಪಟ್ಟೆಯ ಜೋಲಿ ಕಣ್ಣಿಗೆ ಬಿತ್ತು. ಉಳಿದ ಹನ್ನೊಂದಕ್ಕೂ ಇದೇ ಸೂಜಿ, ಇದೇ ಹೊಲಿಗೆ.

"ಸಾಹೇಬ್ರ, ಮೊದಲ ಆ ಹನ್ನೊಂದೂ ಬಿಚ್ಚಸ್ರಿ. ಇವತ್ತ ಯಾರೂ ಅದರಾಗ ಮಲಗಬಾರದು."

"ಯಾಕೆ? ಬಟ್ಟೆ..."

"ಅರಿವಿದು ತಪ್ಪಿಲ್ರಿ. ಹೊಲಿದಾಕಿದೂ ತಪ್ಪಿಲ್ಲ. ಸೂಜಿ ನಾ ಹಾಕಿದ್ದು."

ಭೂತಗನ್ನಡಿ ಕೊಟ್ಟು ತೂತುಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. ಬಯ್ಯುತ್ತಾರೆಂದು ಕಾದೆ. ಅವರು ಎದ್ದು ಹೊರಗೆ ಹೋಗಿ ಆಳನ್ನು ಓಡಿಸಿದರು. ಸಂಜೆಯೊಳಗೆ ಹನ್ನೊಂದೂ ಬಂದವು. ನಾಲ್ಕರಲ್ಲಿ ನಡುವಿನ ಹೊಲಿಗೆಯ ಪಕ್ಕದ ನೂಲು ಆಗಲೇ ಕಡಿಯತೊಡಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಇನ್ನೊಬ್ಬ ಬೀಳುತ್ತಿದ್ದ, ಬಿದಿರಿನ ಮೋಟು ಎಲ್ಲಿರುತ್ತಿತ್ತೋ ಹೇಳಲಾಗದು.

ಹನ್ನೆರಡನ್ನೂ ಬಸ್ಸಿನಲ್ಲಿ ಹಾಕಿಸಿಕೊಂಡು ಹಳಿಯಾಳಕ್ಕೆ ಬಂದವಳೇ ಮೆಹಬೂಬಿಯ ಮನೆಗೆ ಹೋದೆ. ಅವಳ ಅತ್ತೆ, ಕೈಗೆ ಪ್ಲಾಸ್ಟರು ಕಟ್ಟಿಕೊಂಡಿದ್ದ ಹಸನ್‌ಸಾಬ, ನೆರೆಮನೆಯ ಇಬ್ಬರು, ಎಲ್ಲರ ಎದುರಿಗೆ ತಪ್ಪು ನನ್ನದು ಎಂದು ಹೇಳಿದೆ. ಹಸನ್‌ಸಾಬ ಮುಖ ತಗ್ಗಿಸಿ, "ಹೋಗ್ಲಿ ಬಿಡ್ರಿ" ಎಂದ. ಮೆಹಬೂಬಿ ಬಿಡಲಿಲ್ಲ. ಎರಡು ವರ್ಷಕ್ಕಾಗುವಷ್ಟು ಮಾತನ್ನು ಒಂದೇ ಸಲ ಆಡಿದಳು.

"ಎರಡ ವಾರ ಆತ್ರಿ ಅಕ್ಕೋರ, ಕೂಳು ಗಂಟಲಾಗ ಇಳದಿಲ್ಲ. ನಾ ಅವತ್ತ ಕೇಳಿದ್ದೆ, ಸೂಜಿ ದಪ್ಪ ಆಗತೈತಿ ಅಂತ. ನೀವು, ಹೇಳಿದಷ್ಟ ಮಾಡು ಅಂದ್ರಿ."

ನನಗೆ ಅದು ನೆನಪೇ ಇರಲಿಲ್ಲ. ಹನ್ನೆರಡು ಜೋಲಿಯ ಗಡಿಬಿಡಿಯಲ್ಲಿ, ಸಾಹೇಬರ ಮೇಲಿನ ಸಿಟ್ಟಿನಲ್ಲಿ, ಹಾಗೆ ಅಂದಿರಬೇಕು. ನನ್ನ ಮಾತನ್ನು ಕೇಳಲಿಲ್ಲವೆಂದು ಯಾರ ಮೇಲೆ ನಾನು ಎರಡು ತಿಂಗಳು ಹರಿಹಾಯ್ದಿದ್ದೆನೋ ಅವರು ಮಾಡಿದ್ದನ್ನೇ ನಾನೂ ಮಾಡಿದ್ದೆ.

ಕಾರವಾರಕ್ಕೆ ಆ ದಿನವೇ ವಿವರಣೆ ಬರೆದೆ. ಅರಿವೆ ಸರಿಯಿತ್ತು, ಹೊಲಿದವಳು ಹೇಳಿದಂತೆ ಹೊಲಿದಿದ್ದಳು, ಸೂಜಿ ಮತ್ತು ಹೊಲಿಗೆಯ ಅಳತೆ ನನ್ನದು ಎಂದು. ಮೂರು ದಿನದ ಮೇಲೆ ಮೆಹಬೂಬಿ ವರ್ಗಕ್ಕೆ ಬಂದಳು. ತನ್ನ ಕತ್ತರಿ ಎತ್ತಿಕೊಂಡು, ನನ್ನನ್ನು ನೋಡದೆ, ಹರಿದ ಜೋಲಿಯನ್ನು ನೆಲದ ಮೇಲೆ ಹಾಸಿದಳು.

"ನಡಕ ಹೊಲಿಗಿ ಯಾಕ ಬೇಕ್ರಿ? ಕೌದಿ ಹೊಲಿಯೂ ಮುಂದ ನಾವು ಗಟ್ಟಿ ಅರಿವಿ ನಡಕ ಇಡ್ತೇವಿ, ತುಂಡು ಬಾಜೂಕ ಹಚ್ತೇವಿ. ಒಂದು ಪನ್ನ ಪೂರಾ ನಡಕ ಇರ್ಲಿ. ಇನ್ನೊಂದನ್ನ ಉದ್ದಕ ಎರಡು ಸೀಳಿ ಆ ಕಡೆ ಒಂದು, ಈ ಕಡೆ ಒಂದು."

ಅದೇ ಅರಿವೆ, ಅದೇ ಅಳತೆ. ಆದರೆ ಮೈಯ ಭಾರ ಬೀಳುವಲ್ಲಿ ಒಂದು ಹೊಲಿಗೆಯೂ ಇಲ್ಲ. ಇಷ್ಟು ಸರಳವಾದದ್ದು ಶಿಕ್ಷಕಿಗೂ ಹೊಳೆದಿರಲಿಲ್ಲ, ಎಂಜಿನಿಯರಿಗೂ ಹೊಳೆದಿರಲಿಲ್ಲ.

ಹಳೆಯ ಹೊಲಿಗೆ ಬಿಚ್ಚಿ, ತೂತು ಬಿದ್ದ ಅಂಚು ಕತ್ತರಿಸಿ, ಹದಿನಾಲ್ಕನೇ ನಂಬರಿನ ಸೂಜಿಯಲ್ಲಿ ಇಂಚಿಗೆ ಹತ್ತೇ ಹೊಲಿಗೆಯಂತೆ ಹನ್ನೆರಡನ್ನೂ ಮತ್ತೆ ಹೊಲಿದೆವು. ಈ ಸಲ ಹಾಗೇ ಕೊಡಲಿಲ್ಲ. ಹಿತ್ತಲಿನ ಎರಡು ಬೇವಿನ ಮರಕ್ಕೆ ಒಂದೊಂದಾಗಿ ಕಟ್ಟಿ, ಹೊಲಿದವಳೇ ಅದರಲ್ಲಿ ಕೂತು, ಮಲಗಿ, ಕುಲುಕಿ ನೋಡಬೇಕೆಂದೆ. ಮೊದಲ ಸರದಿ ನನ್ನದು. ಸೀರೆ ಸುತ್ತಿ ಬಿಗಿದು ಹತ್ತಿದೆ. ಹುಡುಗಿಯರು ನಕ್ಕು ನಕ್ಕು ಅಂಗಳದಲ್ಲಿ ಕುಳಿತರು. ಆ ಹೊತ್ತಿಗೇ ಸೀತಾರಾಮಯ್ಯನವರು ಹಿತ್ತಲ ಬಾಗಿಲಿಗೆ ಬಂದುಬಿಟ್ಟರು. ನಾನು ಇಳಿಯಲು ಹೋದಷ್ಟೂ ಜೋಲಿ ನನ್ನನ್ನು ಒಳಗೆ ಎಳೆದುಕೊಂಡಿತು. ಪುಣ್ಯಾತ್ಮರು ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ, ನಾನು ನೆಲಕ್ಕಿಳಿದು ಕೆಮ್ಮುವವರೆಗೆ ಹಾಗೇ ನಿಂತಿದ್ದರು.

"ಸಾಹೇಬ್ರ, ಇನ್ನ ತಿರಗ್ರಿ."

"ತಡೆಯುತ್ತಾ ಮೇಡಂ?"

"ತಡೀತೈತ್ರಿ. ಈಗ ನೀವು ಹತ್ರಿ."

ಹತ್ತಿದರು. ಟೋಪಿ ಸಮೇತ. ಮೊದಲ ವರದಿ ತಪ್ಪೆಂದು ಮತ್ತೊಂದು ಪತ್ರವನ್ನು ಕಾರವಾರಕ್ಕೆ ತಾವೇ ಬರೆದರು ಎಂದು ಆಮೇಲೆ ತಿಳಿಯಿತು. ನನ್ನ ಕಡತದಲ್ಲಿ ಒಂದು ಎಚ್ಚರಿಕೆಯ ಟಿಪ್ಪಣಿ ಉಳಿಯಿತು. ಮೆಹಬೂಬಿಯ ಹೆಸರು ವರ್ಗದ ಪಟ್ಟಿಯಲ್ಲೇ ಉಳಿಯಿತು. ಮುಂದೆ ಹೋಗಿದ್ದ ಪರೀಕ್ಷೆ ಏಪ್ರಿಲ್‌ನಲ್ಲಿ ನಡೆದು ಅವಳು ಪಾಸಾದಳು, ಮನೆಗೆ ಮಶೀನು ಬರುವವರೆಗೆ ವರ್ಗದ ಮೂಲೆಯ ಮಶೀನಿನಲ್ಲೇ ಹೊಲಿಯುತ್ತಿದ್ದಳು. ಆ ವರ್ಷವೂ ಮರುವರ್ಷವೂ ಪಟ್ಟೆಯ ಜೋಲಿಗಳು ಕಾಡಿನಲ್ಲಿ ದುಡಿದವು. ಮತ್ತೆ ಯಾವುದೂ ಹರಿಯಲಿಲ್ಲ.

ಮಳೆಗಾಲಕ್ಕೆ ಮುಂಚೆ ಕ್ಯಾಂಪು ಮುಚ್ಚಿದಾಗ ಹಸನ್‌ಸಾಬ ಒಮ್ಮೆ ವರ್ಗದ ಕಡೆ ಬಂದ. ಕೈ ಕೂಡಿಕೊಂಡು ಕೊನೆಯ ಆರು ವಾರ ಮತ್ತೆ ಕೆಲಸಕ್ಕೆ ಹೋಗಿದ್ದ. ಜೋಲಿ ಹೇಗಿದೆ ಎಂದು ಕೇಳಿದೆ.

"ಭಾಳ ಛಲೋ ಐತ್ರಿ ಅಕ್ಕೋರ. ಅಕ್ಕಿ ಚೀಲಾ ಅದರಾಗ ಇಡ್ತೇನಿ. ಇರಬಿ ಹತ್ತಂಗಿಲ್ಲ, ಇಲಿ ಬರಂಗಿಲ್ಲ."

"ಮತ್ತ ನೀ ಎಲ್ಲಿ ಮಲಗ್ತಿ?"

"ನೆಲದ ಮ್ಯಾಲೆ."

ಇಷ್ಟೆಲ್ಲ ಆದ ಮೇಲೆ! ನಾನು ಬಾಯಿ ತೆರೆಯುವ ಮೊದಲೇ ಮೆಹಬೂಬಿ ಮಶೀನು ನಿಲ್ಲಿಸಿ ಎದ್ದು ಬಂದಳು. ಅವರಿಬ್ಬರ ನಡುವೆ ಆಮೇಲೆ ನಡೆದ ಮಾತು ಉರ್ದುವಿನಲ್ಲಿತ್ತು. ನನಗೆ ಅರ್ಥವಾಗದಿದ್ದರೂ ಹಸನ್‌ಸಾಬನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಆಮೇಲೆ ನಾನು ಮುಂಡಗೋಡದಲ್ಲಿ, ಮತ್ತೆ ಹಳಿಯಾಳದಲ್ಲಿ, ನಿವೃತ್ತಿಯಾಗುವವರೆಗೆ ಹೊಲಿಗೆಯನ್ನೇ ಕಲಿಸಿದೆ. ಅರಿವೆ ಆರಿಸುವುದು ಕಷ್ಟವಲ್ಲ, ಎಳೆದು, ಊದಿ, ನೆನೆಸಿ ನೋಡಿದರೆ ಅರಿವೆ ತನ್ನ ಗುಣವನ್ನು ತಾನೇ ತೋರಿಸುತ್ತದೆ. ಕಷ್ಟದ್ದು, ಕೆಲಸ ಮಾಡುತ್ತಿರುವವಳು ತಲೆ ಎತ್ತಿ ಒಂದು ಪ್ರಶ್ನೆ ಕೇಳಿದಾಗ ಕೈಯಲ್ಲಿದ್ದದ್ದನ್ನು ನಿಲ್ಲಿಸಿ ಕೇಳಿಸಿಕೊಳ್ಳುವುದು. ಸಿಟ್ಟಿನಲ್ಲಿರುವಾಗ ಅದು ಇನ್ನೂ ಕಷ್ಟ. ಹೊಸ ವರ್ಗ ಶುರುವಾದ ಮೊದಲ ವಾರ ನಾನು ಒಂದು ತುಂಡು ಹೊಲಿದು ಹುಡುಗಿಯರ ಕೈಗೆ ಕೊಟ್ಟು, ಇಬ್ಬಿಬ್ಬರು ಎರಡೂ ಕಡೆ ಹಿಡಿದು ಬಲವಾಗಿ ಎಳೆಯಿರಿ ಎನ್ನುತ್ತಿದ್ದೆ. ಅಕ್ಕೋರು ಹೊಲಿದದ್ದನ್ನು ಹರಿಯಲು ಅವರು ಹಿಂಜರಿಯುತ್ತಿದ್ದರು, ನಾನು ಬಿಡುತ್ತಿರಲಿಲ್ಲ. ಹೊಲಿಗೆ ತಡೆದರೆ ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಹರಿದರೆ ಅವತ್ತಿನ ಪಾಠ ಅದೇ.